ಮುರುಗಲು ಸಿರಪ್ ಘಟಕ ಮುಚ್ಚಿದವರು ಮತ್ತೆ ಶುರು ಮಾಡುವ ಮುನ್ನ

ಶಿರಸಿ, ಸಿದ್ದಾಪುರದ ಕಡೆ ಮನೆ ಹಿತ್ತಿಲ ಶೆಡ್ಡಿನಲ್ಲಿ ಶುರುವಾದ ಮುರುಗಲು (ಕೋಕಂ) ಸಿರಪ್ ಘಟಕವೊಂದು ಬಾಗಿಲು ಹಾಕಿದರೆ ಊರವರದ್ದು ಒಂದೇ ಮಾತು: "ಮಾರಾಟ ಮಾಡಲಿಕ್ಕೆ ಬರಲಿಲ್ಲ." ನಾನು ಇದನ್ನು ಒಪ್ಪುವುದಿಲ್ಲ. ಪೆಟ್ಟು ಬೀಳುವುದು ಹೆಚ್ಚಾಗಿ ಪಾಕದ ಅಳತೆಯಲ್ಲಿ ಮತ್ತು ಉದ್ರಿಯಲ್ಲಿ. ಅದನ್ನು ಬಿಡಿಸಿ ನೋಡದೆ ಹೊಸ ಲೇಬಲ್, ಹೊಸ ಸಾಲ ಎಂದು ಹೊರಡಬೇಡಿ.

ಹಣ್ಣು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಕೊನೆಯ ಕೊಯ್ಲಿನ ಹೊತ್ತಿಗೆ ಮಳೆ ಬಂದೇ ಬರುತ್ತದೆ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಎಂಬ ಲೆಕ್ಕ ಒಣಹವೆಯಲ್ಲಿ ಕೊಯ್ದ ಹಣ್ಣಿಗೆ ಸರಿ. ಮಳೆಯಲ್ಲಿ ನೆನೆದ ಹಣ್ಣಿಗೂ ಅಷ್ಟೇ ಹಾಕಿದರೆ ಪಾಕ ತೆಳುವಾಗುತ್ತದೆ. ಬ್ರಿಕ್ಸ್, ಅಂದರೆ ಪಾಕದ ಸಕ್ಕರೆ ಅಂಶದ ಅಳತೆ, 65ಕ್ಕಿಂತ ಕೆಳಗಿಳಿದರೆ ಹುಳಿಸುವ ಯೀಸ್ಟ್‌ಗೆ ದಾರಿ ಬಿಟ್ಟಂತೆ. ಮಳೆಗಾಲ ಮುಗಿಯುವುದರೊಳಗೆ ಬಾಟಲಿ ಉಬ್ಬಿ ಮಾಲೆಲ್ಲ ವಾಪಸ್. ಹುಳಿದದ್ದನ್ನು ಮತ್ತೆ ಕುದಿಸಿ ಮಾರುವ ಯೋಚನೆಯೇ ಬೇಡ, ಚೆಲ್ಲಿಬಿಡಿ. ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟುಕೊಂಡು ಪ್ರತಿ ಪಾತ್ರೆಯನ್ನೂ ಅಳೆಯಿರಿ. ಪಾತ್ರೆ ಸ್ಟೀಲಿನದೇ ಆಗಿರಲಿ, ಕಬ್ಬಿಣ ತಾಗಿದರೆ ಬಣ್ಣ ಕಪ್ಪಾಗುತ್ತದೆ. ಸಂರಕ್ಷಕ ಹಾಕುವವರು ಸೋಡಿಯಂ ಬೆಂಜೋಯೇಟನ್ನೇ ಮಿತಿಯೊಳಗೆ ಬಳಸಿ. ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಎಂಬ ಸಂರಕ್ಷಕ ಹಾಕಿದರೆ ಅದರಿಂದ ಹೊರಡುವ ಸಲ್ಫರ್ ಡೈಆಕ್ಸೈಡ್ ಮುರುಗಲಿನ ಕೆಂಪನ್ನೇ ಬಿಳಿಚಿಸುತ್ತದೆ.

ಇನ್ನು ಉದ್ರಿ. ಸಕ್ಕರೆ, ಬಾಟಲಿಯ ದುಡ್ಡು ಮೇ ತಿಂಗಳೊಳಗೆ ಕೈಬಿಡುತ್ತದೆ. ಸಿರಪ್ ಜೋರಾಗಿ ಓಡುವುದು ಮುಂದಿನ ಬೇಸಿಗೆಗೆ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ನಡುವೆ ಕುಮಟಾ, ಗೋಕರ್ಣದ ಅಂಗಡಿಯವರು "ಖರ್ಚಾದ ಮೇಲೆ ಕೊಡ್ತೇವೆ" ಎಂದರೆ ಕಥೆ ಮುಗಿಯಿತು. ಶಿರಸಿಯ ಮಾರಿಕಾಂಬೆ ಜಾತ್ರೆಯನ್ನೇ ನೆಚ್ಚಿ ಮಾಲು ಮಾಡಿಟ್ಟರೂ ಕಷ್ಟ, ಅದು ಎರಡು ವರ್ಷಕ್ಕೊಮ್ಮೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ) ಬಲವಿದೆ: ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಬರಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಖರೀದಿದಾರರ ಮೇಲೆ ಇದನ್ನು ಧೈರ್ಯವಾಗಿ ಬಳಸಿ. ಸಣ್ಣ ಅಂಗಡಿಗೆ ಎರಡೇ ಬಾಕ್ಸ್ ಕೊಡಿ, ಹಳೆ ಬಾಕಿ ಚುಕ್ತಾ ಆದ ಮೇಲೆ ಮೂರನೆಯದು.

ಕಂತು ತಪ್ಪುವ ಸೂಚನೆ ಕಂಡರೆ 90 ದಿನ ದಾಟುವ ಮೊದಲೇ ಮ್ಯಾನೇಜರರ ಹತ್ತಿರ ಹೋಗಿ. ಆಮೇಲೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ.

ಎರಡನೇ ಸುತ್ತಿನ ಮೊದಲ ವರ್ಷ ಸಿರಪ್ಪೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಸಿಪ್ಪೆ ಒಣಗಿಸಿ ಅಡುಗೆಯ ಹುಳಿಗೆ ಮಾರಿ. ಸಕ್ಕರೆಯ ಖರ್ಚಿಲ್ಲ, ಬಾಟಲಿಯ ಖರ್ಚಿಲ್ಲ. ಗೊಬ್ಬರಗುಂಡಿಗೆ ಹೋಗುತ್ತಿದ್ದ ಬೀಜವನ್ನು ತೊಳೆದು, ಒಣಗಿಸಿ, ಒಡೆದು, ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿ. ಮೇಲೆ ತೇಲಿದ್ದು ತಣಿದಾಗ ಗಟ್ಟಿಯಾಗುತ್ತದೆ, ಅದೇ ಮುರುಗಲು ತುಪ್ಪ. ಅದನ್ನು ಸಣ್ಣ ಉರಿಯಲ್ಲಿ ಮತ್ತೊಮ್ಮೆ ಕರಗಿಸಿ, ಚಟಪಟ ಸದ್ದು ನಿಲ್ಲುವ ತನಕ ಕಾಯಿಸಿ. ನೀರಿನ ಪಸೆ ಉಳಿದರೆ ವಾಸನೆ ಹಿಡಿಯುತ್ತದೆ. ಈ ತುಪ್ಪಕ್ಕೆ ಒಡೆದ ಹಿಮ್ಮಡಿಗೆ ಹಚ್ಚುವ ಕ್ರೀಮ್ ಎಂದು ಲೇಬಲ್ ಹಾಕುವುದಾದರೆ ಆಹಾರದ ಪರವಾನಗಿ ಸಾಲದು, ಸೌಂದರ್ಯವರ್ಧಕ ತಯಾರಿಕೆಯ ಪರವಾನಗಿಯನ್ನು ಮೊದಲೇ ಮಾಡಿಸಿಕೊಳ್ಳಿ.