ಚಿತ್ರದೊಳಗಿನ ಅಕ್ಷರವೂ ವರದಿಯ ಅಕ್ಷರವೇ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ನೀರಾವರಿ, ಭೂವಿಜ್ಞಾನ, ಕೃಷಿ ವಿಷಯಗಳ ಮೇಲೆ ವಿದ್ಯಾರ್ಥಿಗಳು ಕನ್ನಡದಲ್ಲಿ ಸಿದ್ಧಪಡಿಸುವ ಪ್ರಾಜೆಕ್ಟ್ ವರದಿಗಳನ್ನು ಓದುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಬರವಣಿಗೆ ಎಷ್ಟೋ ಸಲ ಮೆಚ್ಚುವಂತಿರುತ್ತದೆ. ಆದರೆ ಪುಟ ತಿರುವಿ ಚಿತ್ರ ಬಂದ ಕೂಡಲೇ, ಬೇರೆ ಯಾರದೋ ವರದಿಯ ಹಾಳೆ ತಪ್ಪಿ ಇಲ್ಲಿ ಸೇರಿಕೊಂಡಿದೆಯೇನೋ ಎನಿಸುತ್ತದೆ. ಮೈಬರಹ ಒಂದು ಫಾಂಟಿನಲ್ಲಿ, ನಕಾಶೆ ಇನ್ನೊಂದರಲ್ಲಿ, ಗ್ರಾಫ್ ಮತ್ತೊಂದರಲ್ಲಿ. ಇದು ಬರೀ ಅಂದಚಂದದ ಮಾತು ಎಂದು ಹೇಳುವವರಿದ್ದಾರೆ; ನಾನು ಒಪ್ಪುವುದಿಲ್ಲ. ಚಿತ್ರದೊಳಗೆ ಬರೆದದ್ದನ್ನೂ ಓದುಗ ಓದಲೇಬೇಕು, ಮೈಬರಹದ ಜೊತೆಗೆ ಹೋಲಿಸಲೇಬೇಕು.

ಬೀದರಿನ ನೌಬಾದಿನಲ್ಲಿರುವ ಕರೇಜ್, ಅಂದರೆ ಸುರಂಗ ಬಾವಿಯನ್ನೇ ತೆಗೆದುಕೊಳ್ಳೋಣ. ಬಹಮನಿ ಕಾಲದ ಈ ವ್ಯವಸ್ಥೆಯನ್ನು ವಿವರಿಸಲು ಸೀಳುನೋಟದ ಚಿತ್ರ ಬೇಕೇ ಬೇಕು: ಮೇಲೆ ಲ್ಯಾಟರೈಟ್ ಸ್ತರ, ಕೆಳಗೆ ಬಸಾಲ್ಟ್ ಶಿಲೆ, ನೆಲದಡಿ ಇಳಿಜಾರಾಗಿ ಸಾಗುವ ಕಾಲುವೆ, ಅಲ್ಲಲ್ಲಿ ನೆಲದಿಂದ ಕಾಲುವೆಯವರೆಗೆ ಇಳಿಯುವ ಬಾವಿಗಳು. ಇದನ್ನು ಕೋರೆಲ್‌ಡ್ರಾದಲ್ಲಿ ಎ3 ಹಾಳೆಯ ಪೂರ್ಣ ಅಗಲಕ್ಕೆ, ಅಂದರೆ 420 ಮಿ.ಮೀ.ಗೆ ಬಿಡಿಸಿ, ಹೆಸರುಗಳನ್ನು 10 ಪಾಯಿಂಟಿನಲ್ಲಿ ಬರೆದರು ಎನ್ನಿ. ವರದಿಯ ಎ4 ಪುಟದಲ್ಲಿ ಚಿತ್ರಕ್ಕೆ ಸಿಗುವ ಅಗಲ 150 ಮಿ.ಮೀ. ಅಲ್ಲಿಗೆ ಕುಗ್ಗಿಸಿದಾಗ ಅಕ್ಷರ ಸುಮಾರು 3.6 ಪಾಯಿಂಟಿಗೆ ಇಳಿಯುತ್ತದೆ, ಅರ್ಧ ಪಾಯಿಂಟಿನ ಗೆರೆ 0.18 ಪಾಯಿಂಟಾಗುತ್ತದೆ. ರೋಮನ್ ಲಿಪಿಯಲ್ಲಾದರೆ ಕಣ್ಣು ಕಿರಿದು ಮಾಡಿ ಹೇಗೋ ಓದಬಹುದು. ಕನ್ನಡದಲ್ಲಿ ‘ಸ್ತರ’ದ ಕೆಳಗಿರುವ ತ ಒತ್ತು ಮಸಿಯ ಚುಕ್ಕೆಯಾಗಿ ಬಿಡುತ್ತದೆ. ಇಲ್ಲಿ ಫಾಂಟಿನ ಹೆಸರು ಮೈಬರಹದ್ದೇ ಆಗಿದ್ದರೂ ಏನೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ತೀರ್ಮಾನವಾಗಬೇಕಾದದ್ದು ಚಿತ್ರ ಪುಟದ ಮೇಲೆ ಎಷ್ಟು ಅಗಲ ಇರುತ್ತದೆ ಎಂಬುದು. ಆ ಅಗಲಕ್ಕೇ ಕ್ಯಾನ್ವಾಸ್ ಇಟ್ಟು ಬಿಡಿಸಿದರೆ ನೀವು ಕೊಟ್ಟ 9 ಪಾಯಿಂಟ್ ಅಚ್ಚಿನಲ್ಲೂ 9 ಪಾಯಿಂಟಾಗಿಯೇ ಉಳಿಯುತ್ತದೆ.

ಪಾಯಿಂಟಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಅದು ಅಕ್ಷರ ಕೂರುವ ಚೌಕಟ್ಟಿನ ಅಳತೆಯೇ ಹೊರತು ಅಕ್ಷರದ ಅಳತೆಯಲ್ಲ. ತುಂಗಾ ಮತ್ತು ನೋಟೊ ಸ್ಯಾನ್ಸ್ ಕನ್ನಡ ಎಂಬ ಎರಡು ಫಾಂಟುಗಳನ್ನೂ 11 ಪಾಯಿಂಟಿಗೆ ಇಟ್ಟು ಒಂದೇ ಸಾಲಿನಲ್ಲಿ ಬರೆದು ನೋಡಿ. ತುಂಗಾ ಸಣ್ಣದಾಗಿ ಕಾಣುತ್ತದೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಕೋಡ್‌ಗಳ ಮೇಲೆ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹೀಗಾಗಿ ಡಿಟಿಪಿ ಅಂಗಡಿಗೆ ಹೋದರೆ ಸಿಗುವ ಮೊದಲ ಸಲಹೆ, ‘ಕರ್ವ್ ಮಾಡಿ ತರ್ರಿ ಸರ್, ಇಲ್ಲಂದ್ರ ಅಕ್ಷರ ಒಡೀತಾವ’ ಎಂಬುದು. ಅಂಗಡಿಯವರ ಮಾತು ಅವರ ಮಟ್ಟಿಗೆ ಸರಿಯೇ. ಮದುವೆ ಕಾರ್ಡಿಗೆ, ಬ್ಯಾನರಿಗೆ ಅದರಿಂದ ತೊಂದರೆಯಿಲ್ಲ. ವರದಿಗೆ ಮಾತ್ರ ಅದು ತಕ್ಕ ಉಪಾಯವಲ್ಲ. ಕರ್ವ್ ಆದ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಗೆರೆಗಳ ಗುಂಪಾಗುತ್ತದೆ. ಪಿಡಿಎಫ್‌ನಲ್ಲಿ ‘ಕರೇಜ್’ ಎಂದು ಹುಡುಕಿದರೆ ಚಿತ್ರದೊಳಗಿನದು ಸಿಗುವುದಿಲ್ಲ, ಗೈಡ್ ಒಂದು ಕಾಗುಣಿತ ತಿದ್ದಿಸಿದರೆ ಆ ಪದವನ್ನೇ ಅಳಿಸಿ ಹೊಸದಾಗಿ ಬರೆಯಬೇಕು, ಮೈಬರಹದ ಫಾಂಟ್ ಬದಲಾದರೆ ಚಿತ್ರ ಹಳೆಯದರಲ್ಲೇ ನಿಂತುಬಿಡುತ್ತದೆ. ಮೈಬರಹವೂ ಚಿತ್ರವೂ ಎರಡೂ ಯುನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಕೋಡ್ ಇರುವ ಪದ್ಧತಿಯಲ್ಲಿ, ಇದ್ದರೆ ಈ ಕರ್ವ್‌ನ ಅಗತ್ಯವೇ ಬಹುಮಟ್ಟಿಗೆ ಬೀಳುವುದಿಲ್ಲ, ಏಕೆಂದರೆ ಪಿಡಿಎಫ್ ಮಾಡುವಾಗ ಫಾಂಟನ್ನು ಅದರೊಳಗೇ ಸೇರಿಸಬಹುದು. ನುಡಿಯ ಅಕ್ಷರರೂಪವೇ ಬೇಕೆನ್ನುವವರಿಗೆ ಅದರ ಯುನಿಕೋಡ್ ಫಾಂಟುಗಳೂ ಈಗ ಇವೆ.

ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್ ಬಳಸುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ, ಅದನ್ನು ಬಳಸುವವರೇ ಕಡಿಮೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಚಿತ್ರವನ್ನು ಪಿಡಿಎಫ್ ಆಗಿ ಉಳಿಸುವಾಗ, ಅಕ್ಷರಗಳನ್ನು ಪಿಡಿಎಫ್‌ನಿಂದ ಬಿಟ್ಟು ಲೇಟೆಕ್ ಕಡತವೊಂದನ್ನು ಬೇರೆಯಾಗಿ ಮಾಡಿಕೊಡುವ ಆಯ್ಕೆ ಸಿಗುತ್ತದೆ. ಗೆರೆ, ಬಣ್ಣ ಪಿಡಿಎಫ್‌ನಲ್ಲಿ ಉಳಿಯುತ್ತವೆ. ಅಕ್ಷರಗಳನ್ನು ವರದಿಯೇ ತನ್ನ ಫಾಂಟಿನಲ್ಲಿ, ತನ್ನ ಗಾತ್ರದಲ್ಲಿ ಜೋಡಿಸುತ್ತದೆ. ಕನ್ನಡಕ್ಕೆ ಲೇಟೆಕ್‌ನ ಝೀಲೇಟೆಕ್ ಅಥವಾ ಲುವಾಲೇಟೆಕ್ ರೂಪ ಬೇಕು. ಒಂದು ಎಚ್ಚರಿಕೆ: ಚಿತ್ರ ಕುಗ್ಗಿದರೂ ಅಕ್ಷರ ಕುಗ್ಗದ ಕಾರಣ ಹೆಸರುಗಳು ಒಂದರ ಮೇಲೊಂದು ಬೀಳಬಹುದು. ಹಾಗಾಗಿ ಪ್ರತಿ ಹೆಸರನ್ನೂ ಎಡಕ್ಕೋ ನಡುವಿಗೋ ಬಲಕ್ಕೋ ಹೊಂದಿಸುವುದನ್ನು ಇಂಕ್‌ಸ್ಕೇಪ್‌ನಲ್ಲೇ ಯೋಚಿಸಿ ಮಾಡಬೇಕು. ಸೂತ್ರಗಳಿರುವ ವರದಿಗೆ ಈ ದಾರಿ ಬಹಳ ಉಪಕಾರಿ. ಮೈಬರಹದಲ್ಲಿ ಓರೆಯಾಗಿ ಬಂದ ‘ಎಚ್’ ಎಂಬ ಚರಾಕ್ಷರ ಚಿತ್ರದಲ್ಲಿ ಏರಿಯಲ್ ಫಾಂಟಿನ ನೆಟ್ಟನೆಯ ‘ಎಚ್’ ಆಗಿ ಬಂದರೆ, ಎರಡೂ ಒಂದೇ ಎತ್ತರವನ್ನು ಸೂಚಿಸುತ್ತವೆಯೇ ಎಂಬ ಸಂಶಯ ಹುಟ್ಟುವುದು ಸಹಜ.

ಗ್ರಾಫ್‌ಗಳ ಕಥೆಯೂ ಇದೇ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಆರಿಸುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಬರುವುದು ಖಾಲಿ ಚೌಕಗಳು. ಕನ್ನಡ ಫಾಂಟ್ ಕೊಟ್ಟರೂ, ಸಾಮಾನ್ಯವಾಗಿ ಕಾಲೇಜುಗಳಲ್ಲಿರುವ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಅದರ ಪಿಜಿಎಫ್ ವಿಧಾನವನ್ನು ಬಳಸಿದರೆ ಅಕ್ಷರ ಜೋಡಣೆ ಝೀಲೇಟೆಕ್‌ಗೆ ಹೋಗುತ್ತದೆ, ಸಮಸ್ಯೆ ತೀರುತ್ತದೆ.

ಎಲ್ಲ ಕಡೆಯೂ ಒಂದೇ ಫಾಂಟ್ ಇರಲೇಬೇಕೆಂಬ ಹಟ ನನಗಿಲ್ಲ. ಮೈಬರಹಕ್ಕೆ ನೋಟೊ ಸೆರಿಫ್ ಕನ್ನಡ, ಚಿತ್ರಗಳಿಗೆಲ್ಲ ನೋಟೊ ಸ್ಯಾನ್ಸ್ ಕನ್ನಡ ಎಂದು ಗೊತ್ತುಮಾಡಿಕೊಂಡು ಕೊನೆಯವರೆಗೆ ಹಾಗೆಯೇ ನಡೆಸಿದರೆ ಅದು ಒಳ್ಳೆಯ ಆಯ್ಕೆಯೇ. ಸಣ್ಣ ಗಾತ್ರದಲ್ಲಿ ಸಮ ದಪ್ಪದ ಗೆರೆ ಹೆಚ್ಚು ಸ್ಪಷ್ಟವಾಗಿ ಮೂಡುತ್ತದೆ. ಆಯ್ಕೆಯೇ ಇಲ್ಲದೆ, ಯಾವ ತಂತ್ರಾಂಶ ಏನು ಕೊಟ್ಟಿತೋ ಅದನ್ನೇ ಅಂಟಿಸುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಪ್ರಾಜೆಕ್ಟ್ ವರದಿಗೆಂದು ಇರುವ, ನಾನು ನೋಡಿದ ಮಾರ್ಗಸೂಚಿಗಳು ಅಂಚು, ಸಾಲಿನ ಅಂತರ, ಬೈಂಡಿಂಗಿನ ಬಣ್ಣದವರೆಗೂ ನಿಯಮ ಹೇಳುತ್ತವೆ, ಚಿತ್ರದೊಳಗಿನ ಅಕ್ಷರದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಚ್ಚಾದ ಗಾತ್ರದಲ್ಲಿ 8 ಪಾಯಿಂಟಿಗಿಂತ ಕಡಿಮೆ ಇರಬಾರದು, ಚಿತ್ರದ ಮೂಲ ಕಡತವನ್ನೂ ವರದಿಯ ಜೊತೆ ಕೊಡಬೇಕು ಎಂದು ಸೇರಿಸಲು ವಿಭಾಗಗಳಿಗೆ ಖರ್ಚೇನೂ ಇಲ್ಲ. ಅಲ್ಲಿಯವರೆಗೆ ಗೈಡ್‌ಗಳು ಸಹಿ ಹಾಕುವ ಮೊದಲು ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಫಾಂಟುಗಳ ಪಟ್ಟಿ ನೋಡಬಹುದು. ಎರಡು ಹೆಸರು ಇರಬೇಕಾದಲ್ಲಿ ಏಳು ಕಂಡರೆ ಉಳಿದ ಐದು ಯಾವ ಚಿತ್ರದಿಂದ ಬಂದವು ಎಂದು ವಿದ್ಯಾರ್ಥಿಯನ್ನೇ ಕೇಳಿ. ಕರ್ವ್ ಮಾಡಿದ ಚಿತ್ರ ಆ ಪಟ್ಟಿಯಲ್ಲಿ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಚಿತ್ರದೊಳಗಿನ ಒಂದು ಪದವನ್ನು ಹುಡುಕಿಯೇ ನೋಡಬೇಕು.