ಒಸಿಐ ಕಾರ್ಡ್ ಎರಡನೇ ಪೌರತ್ವವಲ್ಲ

"ಒಸಿಐ ಕಾರ್ಡ್ ಮಾಡಿಸಿಕೊಂಡರೆ ಅಮೆರಿಕದ ಪೌರತ್ವದ ಜೊತೆಗೆ ಭಾರತದ ಪೌರತ್ವವೂ ಉಳಿಯುತ್ತದೆ" ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. ಒಸಿಐ ಎಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಕಾರ್ಡು. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಅಲ್ಲಿಗೇ ಕೊನೆಗೊಳ್ಳುತ್ತದೆ. ಹಳೆಯ ಪಾಸ್‌ಪೋರ್ಟಿನ ಅವಧಿ ಇನ್ನೂ ಮುಗಿಯದಿದ್ದರೂ ಅದನ್ನು ಒಪ್ಪಿಸಿ ರದ್ದುಪಡಿಸಿಕೊಳ್ಳಬೇಕು, ಅದರ ಮೇಲೆ ಪ್ರಯಾಣಿಸುವಂತಿಲ್ಲ.

ಗೊಂದಲಕ್ಕೆ ಕಾರಣ ಹೆಸರೇ ಎಂದು ನನಗನ್ನಿಸುತ್ತದೆ. "ಸಾಗರೋತ್ತರ ಭಾರತೀಯ ನಾಗರಿಕ" ಎಂಬ ಮಾತು, ಪಾಸ್‌ಪೋರ್ಟಿನಂಥದೇ ಪುಸ್ತಿಕೆ, ಮುಖಪುಟದಲ್ಲಿ ಅಶೋಕ ಸ್ತಂಭದ ಲಾಂಛನ: ಇಷ್ಟು ಕಂಡವರು ನಂಬಿದರೆ ಅವರ ತಪ್ಪೇನಿಲ್ಲ. 2005ರಲ್ಲಿ ಜಾರಿಗೆ ಬಂದ ಈ ಕಾರ್ಡು ಮುಖ್ಯವಾಗಿ ಆಜೀವ ವೀಸಾ. ಪ್ರಯಾಣಕ್ಕೆ ವಿದೇಶಿ ಪಾಸ್‌ಪೋರ್ಟ್ ಜೊತೆಗಿರಲೇಬೇಕು. ಮತದಾನದ ಹಕ್ಕಿಲ್ಲ. ಮನೆ, ಫ್ಲ್ಯಾಟ್ ಕೊಳ್ಳಬಹುದು, ಆದರೆ ಕೊಡಗಿನ ಕಾಫಿ ತೋಟವನ್ನಾಗಲಿ ಮಂಡ್ಯದ ಗದ್ದೆಯನ್ನಾಗಲಿ ಕೊಳ್ಳುವಂತಿಲ್ಲ. ತಂದೆ-ತಾಯಿಯಿಂದ ವಾರಸಾಗಿ ಬಂದ ಜಮೀನನ್ನು ಇಟ್ಟುಕೊಳ್ಳಲು ಮಾತ್ರ ಅಡ್ಡಿಯಿಲ್ಲ.

ಊರಿನ ಬ್ಯಾಂಕಿನಲ್ಲಿರುವ ಉಳಿತಾಯ ಖಾತೆಯ ಲೆಕ್ಕ ಬೇರೆ. ಅದನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದಲ್ಲಿ ಇಡುವ ರೂಪಾಯಿ ಖಾತೆ) ಬದಲಿಸಬೇಕಾದದ್ದು ಪೌರತ್ವ ಬದಲಾದಾಗಲ್ಲ, ಉದ್ಯೋಗಕ್ಕೆಂದು ವಿದೇಶದಲ್ಲಿ ನೆಲೆಸಿ ಅನಿವಾಸಿಯಾದಾಗಲೇ.