ಲೆಕ್ಕ ತಪ್ಪಿದ್ದು ಬಸ್ಸಿನಲ್ಲಿ ಅಲ್ಲ

ಎರಡನೆಯ ಗರ್ಭವೂ ನಿಲ್ಲಲಿಲ್ಲ ಎಂದು ತಿಳಿದ ದಿನದಿಂದ ವರ್ಣತಂತು ಪರೀಕ್ಷೆಯ ವರದಿ ಕೈಗೆ ಬರುವವರೆಗೆ, ಬಾಗಲಕೋಟೆಯ ನಮ್ಮ ಮನೆಗೆ ಮಾತನಾಡಿಸಲು ಬಂದವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಏನ್ ಮಾಡ್ಕೊಂಡಿದ್ದಿ ತಂಗಿ?" ಪಪ್ಪಾಯಿ ತಿಂದಿದ್ದೆಯಾ, ಗ್ರಹಣದ ದಿನ ಹೊರಗೆ ಬಂದಿದ್ದೆಯಾ, ತುಂಬಿದ ಕೊಡ ಎತ್ತಿದ್ದೆಯಾ ಎಂದು ಕೇಳುತ್ತ ಹೋದವರು ಕೊನೆಗೆ ಬಂದು ನಿಲ್ಲುತ್ತಿದ್ದುದು ಇಳಕಲ್ಲಿನ ತವರಿನಿಂದ ಹುನಗುಂದ, ಅಮೀನಗಡ ಹಾದು ನಾನು ಬಸ್ಸಿನಲ್ಲಿ ಬಂದ ಆ ಒಂದು ಪ್ರಯಾಣದ ಮೇಲೆ. ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಆದರೂ ರಾತ್ರಿ ಮಲಗಿದಾಗ ಅದೇ ಬಸ್ಸಿನ ಒಂದೊಂದು ಕುಲುಕಾಟವೂ ನೆನಪಾಗಿ, ನನ್ನ ಕೂಸನ್ನು ನಾನೇ ಕಳೆದುಕೊಂಡೆನೆಂಬ ಭಾವ ನನ್ನಲ್ಲಿ ಬೇರು ಬಿಡತೊಡಗಿತ್ತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ವರದಿ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಹಾಳೆಯ ಮೇಲೆ ದಿನಗಳನ್ನು ಎಣಿಸಿದ್ದು. ಒಂಬತ್ತನೆಯ ವಾರದ ಸ್ಕ್ಯಾನಿಂಗಿನಲ್ಲಿ ಎದೆಬಡಿತ ಕಾಣಲಿಲ್ಲ, ಭ್ರೂಣದ ಅಳತೆ ಏಳು ವಾರದ್ದಿತ್ತು. ನಾನು ಬಸ್ಸು ಹತ್ತಿದ್ದು ಎಂಟನೆಯ ವಾರದಲ್ಲಿ. ಎಂದರೆ ನಾನು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗಲೇ ಆ ಬೆಳವಣಿಗೆ ನಿಂತು ಕೆಲವು ದಿನಗಳಾಗಿದ್ದವು. ಬೆಳವಣಿಗೆ ನಿಲ್ಲಲು ಕಾರಣವಾದ ಸಂಗತಿಯಂತೂ ಅದಕ್ಕೂ ಹಿಂದಿನದು, ಮುಟ್ಟು ತಪ್ಪಿದ್ದು ನನಗೆ ಗೊತ್ತಾಗುವ ಮೊದಲೇ ನಡೆದುಹೋದದ್ದು. ವರದಿಯಲ್ಲಿ 46 ಇರಬೇಕಾದಲ್ಲಿ 47 ಇತ್ತು. ಹದಿನಾರನೆಯ ವರ್ಣತಂತು ಎರಡರ ಬದಲು ಮೂರು ಇದ್ದವು.

ವರ್ಣತಂತು ಎಂದರೆ ನಾವು ಸಾಮಾನ್ಯವಾಗಿ ಕ್ರೋಮೋಸೋಮ್ ಎಂದು ಕರೆಯುವುದೇ. ನಮ್ಮ ಬಹುತೇಕ ಜೀವಕೋಶಗಳಲ್ಲಿ ಅವು 23 ಜೋಡಿ ಇರುತ್ತವೆ. ಅಂಡಾಣು ಸಿದ್ಧವಾಗುವಾಗ ಪ್ರತಿ ಜೋಡಿಯೂ ಬೇರ್ಪಟ್ಟು ಒಂದೊಂದೇ ಉಳಿಯಬೇಕು. ಒಂದು ಜೋಡಿ ಬೇರ್ಪಡದೆ ಎರಡೂ ಒಂದೇ ಕಡೆ ಹೋದರೆ, ತಂದೆಯ ಕಡೆಯ ಒಂದು ಸೇರಿ ಮೂರಾಗುತ್ತವೆ. ನಮ್ಮ ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದನ್ನು ನೋಡುತ್ತಲೇ ಬೆಳೆದ ನನಗೆ, ಎಳೆಗಳ ಲೆಕ್ಕ ತಪ್ಪಿದರೆ ಮುಂದಿನ ನೇಯ್ಗೆ ಕೂಡಿಬರುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. (ಸೀರೆಯ ನಡುಭಾಗಕ್ಕೂ ಗರ್ಭಕ್ಕೂ ನಮ್ಮ ಭಾಷೆಯಲ್ಲಿ ಒಡಲು ಎಂಬ ಒಂದೇ ಮಾತಿದೆ ಎಂಬುದು ಆ ದಿನ ಬಹಳ ಹೊತ್ತು ನನ್ನನ್ನು ಕಾಡಿತು.) ಆದರೆ ನೇಕಾರನಿಗೆ ತನ್ನ ಎಳೆಗಳು ಕಣ್ಣೆದುರಿಗೇ ಇರುತ್ತವೆ, ತಾಯಿಗೆ ಈ ಎಳೆಗಳು ಕಾಣುವುದೂ ಇಲ್ಲ, ಕೈಗೆ ಸಿಗುವುದೂ ಇಲ್ಲ.

ಇನ್ನೊಂದು ಸಂಗತಿಯನ್ನು ವೈದ್ಯೆ ಹೇಳಿದಾಗ ನಾನು ಕುರ್ಚಿಯಲ್ಲಿ ಹಾಗೇ ಕುಳಿತುಬಿಟ್ಟೆ. ಹೆಣ್ಣಿನ ಅಂಡಾಣುಗಳು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡು, ಮೊದಲ ವಿಭಜನೆಯನ್ನು ಆರಂಭಿಸಿ, ನಡುವೆಯೇ ನಿಂತುಬಿಡುತ್ತವೆ. ಆ ವಿಭಜನೆ ಮುಂದುವರಿಯುವುದು ಆಕೆ ದೊಡ್ಡವಳಾದ ಮೇಲೆ, ಆ ಅಂಡಾಣು ಹೊರಬರುವ ತಿಂಗಳಲ್ಲಿ. ನನ್ನ ವಿಷಯದಲ್ಲಿ ಆ ನಡುವಿನ ಅವಧಿ ಮೂವತ್ತೈದು ವರ್ಷ. ಅಷ್ಟು ಕಾಲವೂ ಜೋಡಿಗಳನ್ನು ಹಿಡಿದಿಡುವ ಕೊಹೆಸಿನ್ ಎಂಬ ಪ್ರೋಟೀನು ವಯಸ್ಸಾದಂತೆ ಸಡಿಲವಾಗುತ್ತದೆ. ಇಪ್ಪತ್ತರ ಹರೆಯಕ್ಕಿಂತ ಮೂವತ್ತೈದರ ನಂತರ ಇಂಥ ತಪ್ಪು ಹೆಚ್ಚಲು ಇದೂ ಒಂದು ಕಾರಣ. ಹೀಗೆ ಒಂದು ವರ್ಣತಂತು ಮೂರಾಗುವ ತಪ್ಪುಗಳ ಪೈಕಿ ಗರ್ಭಪಾತಗಳಲ್ಲಿ ಅತಿ ಹೆಚ್ಚು ಕಾಣುವುದು ಹದಿನಾರನೆಯದು ಮೂರಾಗುವುದೇ, ಎಲ್ಲ ಜೀವಕೋಶಗಳಲ್ಲೂ ಹಾಗಿದ್ದರೆ ಆ ಭ್ರೂಣ ಹುಟ್ಟುವ ಹಂತಕ್ಕೆ ತಲುಪುವುದಿಲ್ಲ. ನಾನು ಒಂಬತ್ತು ತಿಂಗಳು ಹಾಸಿಗೆ ಬಿಟ್ಟೇಳದಿದ್ದರೂ, ಎಷ್ಟು ಇಂಜೆಕ್ಷನ್ ತೆಗೆದುಕೊಂಡಿದ್ದರೂ ಮೂರು ಎರಡಾಗುತ್ತಿರಲಿಲ್ಲ.

ಖಚಿತವಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆಯೇ ಕಳೆದುಹೋಗುತ್ತವೆ, ಮೊದಲ ಮೂರು ತಿಂಗಳಲ್ಲಿ ಹೋಗುವವುಗಳ ಪೈಕಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಲೆಕ್ಕದ ತಪ್ಪೇ ಕಾರಣ. ಇಷ್ಟು ಸಾಮಾನ್ಯವಾದುದು ನಮ್ಮ ಹಿರಿಯರಿಗೆ ಏಕೆ ಗೊತ್ತಿರಲಿಲ್ಲ ಎಂದು ಅವರ ಮೇಲೆ ಸಿಟ್ಟಾಗುವಂತಿಲ್ಲ. ಮನುಷ್ಯರಲ್ಲಿ 48 ವರ್ಣತಂತುಗಳಿವೆ ಎಂದೇ ವಿಜ್ಞಾನಿಗಳು ಮೂರು ದಶಕಗಳಿಗೂ ಹೆಚ್ಚು ಕಾಲ ನಂಬಿದ್ದರು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಅವು 46 ಎಂದು ತೋರಿಸಿದ್ದು 1956ರಲ್ಲಿ, ನಮ್ಮ ಅವಿಭಜಿತ ವಿಜಯಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಕನ್ನಡನಾಡನ್ನು ಕೂಡಿಕೊಂಡ ಅದೇ ವರ್ಷದಲ್ಲಿ. ನನ್ನ ಅಜ್ಜಿ ಆಗಲೇ ಮದುವೆಯಾಗಿ ಬಂದಿದ್ದಳು. ಕೊಡ, ಗ್ರಹಣ, ಪಪ್ಪಾಯಿ ಇವನ್ನು ಬಿಟ್ಟು ಆಕೆಯ ಕೈಯಲ್ಲಿ ಬೇರೆ ವಿವರಣೆ ಇರಲಿಲ್ಲ. ನಮಗೆ ಆ ನೆಪವಿಲ್ಲ.

ತಪ್ಪು ಯಾವಾಗಲೂ ಹೆಣ್ಣಿನ ಅಂಡಾಣುವಿನಲ್ಲೇ ಆಗುತ್ತದೆಂದೂ ತಿಳಿಯಬಾರದು. ಒಂದು ಅಂಡಾಣುವಿಗೆ ಎರಡು ವೀರ್ಯಾಣುಗಳು ಸೇರಿ ಲೆಕ್ಕ 69 ಆಗುವುದುಂಟು. ಒಂದೇ ಎಕ್ಸ್ ವರ್ಣತಂತು ಉಳಿದು 45 ಆಗುವ ಟರ್ನರ್ ಸ್ಥಿತಿಯಲ್ಲಿ ಹೆಚ್ಚಿನ ಬಾರಿ ಇಲ್ಲವಾಗಿರುವುದು ತಂದೆಯ ಕಡೆಯಿಂದ ಬರಬೇಕಾದ ಲಿಂಗ ವರ್ಣತಂತು. ಹೀಗೆಂದು ಗಂಡಸರನ್ನು ಕಟಕಟೆಯಲ್ಲಿ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ, ಕಟಕಟೆಯೇ ಬೇಡ ಎನ್ನುತ್ತಿದ್ದೇನೆ.

ನನ್ನ ಗಂಡ ನನ್ನ ಸೋದರತ್ತೆಯ ಮಗ. ವರ್ಣತಂತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, "ಸಂಬಂಧದಾಗ ಮಾಡ್ಕೊಂಡಿದ್ದಕ್ಕ ಹಿಂಗಾತು" ಎಂದು ನೆಂಟರು ತೀರ್ಪು ಕೊಟ್ಟರು. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಇಂಥ ಮದುವೆಗಳು ಬಹಳ. ರಕ್ತಸಂಬಂಧದ ಮದುವೆಯಲ್ಲಿ ಅಪಾಯವಿರುವುದು ನಿಜ. ಒಂದೇ ಮನೆತನದ ಇಬ್ಬರಲ್ಲೂ ಸದ್ದಿಲ್ಲದೆ ಅಡಗಿರುವ ಒಂದೇ ಬಗೆಯ ದೋಷಪೂರಿತ ಜೀನು ಎರಡೂ ಕಡೆಯಿಂದ ಮಗುವಿಗೆ ಬಂದರೆ ಥಲಸ್ಸೀಮಿಯಾದಂಥ ಕಾಯಿಲೆಗಳು ಬರುತ್ತವೆ. ಆದರೆ ಅದು ಜೀನಿನೊಳಗಿನ ಬರಹದ ದೋಷ, ನನ್ನ ವರದಿಯಲ್ಲಿದ್ದುದು ವರ್ಣತಂತುಗಳ ಎಣಿಕೆಯ ದೋಷ. ಹೊರಗಿನ ಸಂಬಂಧ ಮಾಡಿಕೊಂಡವರಲ್ಲೂ ಇದು ಹೀಗೆಯೇ ಆಗುತ್ತದೆ.

ಇದನ್ನೆಲ್ಲ ಅಡುಗೆಮನೆಯಲ್ಲಿ ಕುಳಿತು ನನ್ನ ಅತ್ತೆಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೇಳಿದಳು: "ಹಂಗಾದ್ರ ಅವಾಗ ನಂದೂ ತಪ್ಪ ಇರಲಿಲ್ಲೇನವಾ?" ನನ್ನ ಗಂಡ ಹುಟ್ಟುವ ಮೊದಲು ಆಕೆಗೂ ಮೂರು ತಿಂಗಳಿಗೆ ಒಂದು ಗರ್ಭ ಹೋಗಿತ್ತು ಎಂಬುದು ಈ ಮನೆಯಲ್ಲಿ ನನಗೆ ಆವರೆಗೂ ಗೊತ್ತಿರಲಿಲ್ಲ. ಬಾವಿಯಿಂದ ನೀರು ಹೊತ್ತದ್ದೇ ಕಾರಣವೆಂದು ಆಕೆಯ ಅತ್ತೆ ಹೇಳಿದ್ದನ್ನು ಈಕೆ ನಲವತ್ತು ವರ್ಷ ನಂಬಿಕೊಂಡಿದ್ದಳು. ನಿಮ್ಮದು ವರ್ಣತಂತುವಿನದೇ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು, ಆದರೆ ಕೊಡ ಹೊತ್ತದ್ದರಿಂದ ಹೋಯಿತೆಂದು ಮಾತ್ರ ಇನ್ನು ತಿಳಿಯಬೇಡಿ ಎಂದೆ. ಆಕೆ ಮತ್ತೇನೂ ಮಾತನಾಡದೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

ನನ್ನ ಮೊದಲ ಗರ್ಭದ ಕಾರಣ ನನಗೆ ಇಂದಿಗೂ ತಿಳಿದಿಲ್ಲ, ಮುಂದೆಯೂ ತಿಳಿಯುವುದಿಲ್ಲ. ಆಗ ಒಂದು ಆಸ್ಪತ್ರೆಯಲ್ಲಿ ಗರ್ಭಚೀಲ ಸ್ವಚ್ಛ ಮಾಡಿದ ನಂತರ ತೆಗೆದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟರು. ಫಾರ್ಮಲಿನ್ ಜೀವಕೋಶಗಳನ್ನು ಕೊಲ್ಲುವುದರಿಂದ, ಅವನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸುವ ಕ್ಯಾರಿಯೋಟೈಪ್ ಪರೀಕ್ಷೆ ಮತ್ತೆ ಸಾಧ್ಯವಾಗಲಿಲ್ಲ. ಅದನ್ನು ಶುದ್ಧ ಸಲೈನಿನಲ್ಲಿ ಇಡಬೇಕೆಂದು ಕೇಳಲು ನಮಗೆ ಗೊತ್ತಿರಲಿಲ್ಲ, ಬೇಕೇ ಎಂದು ಅವರೂ ಕೇಳಲಿಲ್ಲ. ಆದ್ದರಿಂದ ಈ ಸ್ಥಿತಿಯಲ್ಲಿರುವವರ ಗಂಡ, ಅಕ್ಕ, ತಾಯಿ ಯಾರಾದರೂ ಸರಿ, ಸ್ವಚ್ಛ ಮಾಡುವ ಮೊದಲೇ ಈ ಮಾತನ್ನು ವೈದ್ಯರಲ್ಲಿ ಎತ್ತಬೇಕು. ಪರೀಕ್ಷೆಗೆ ಸಾವಿರಾರು ರೂಪಾಯಿ ಬೇಕು, ಎಲ್ಲರಿಗೂ ಮೊದಲ ಸಲವೇ ಅದು ಅಗತ್ಯವೂ ಅಲ್ಲ. ಎರಡು ಅಥವಾ ಮೂರು ಬಾರಿ ಹೀಗಾದರೆ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ತೊಂದರೆ, ಗರ್ಭಕೋಶದ ಆಕಾರ ಇವನ್ನೂ ನೋಡಬೇಕಾಗುತ್ತದೆ, ಏಕೆಂದರೆ ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಪರೀಕ್ಷೆ ಬೇಡವೆಂದೇ ತೀರ್ಮಾನಿಸಿದರೂ, ಹಾಸಿಗೆಯ ಪಕ್ಕದಲ್ಲಿ ಎರಡು ನಿಮಿಷ ಕುಳಿತು "ಇದು ನೀವು ಮಾಡಿದ್ದರಿಂದ ಆದದ್ದಲ್ಲ" ಎಂದು ಮನೆಯವರೆಲ್ಲ ಕೇಳುವಂತೆ, ಕನ್ನಡದಲ್ಲಿ ಹೇಳಲು ವೈದ್ಯರಿಗೆ ಯಾವ ಯಂತ್ರವೂ ಬೇಕಿಲ್ಲ.

ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಟ್ಟಿದ್ದೆವು. ವರ್ಣತಂತುವಿನ ಒಂದು ತುಂಡು ಇನ್ನೊಂದಕ್ಕೆ ಅಂಟಿಕೊಂಡು, ಒಟ್ಟು ಸರಕು ಕಡಿಮೆಯಾಗದ ಕಾರಣ ತಾವು ಆರೋಗ್ಯವಾಗಿದ್ದರೂ ಮಕ್ಕಳಿಗೆ ಲೆಕ್ಕ ತಪ್ಪಿಸಿ ದಾಟಿಸುವವರು ಕೆಲವರಿರುತ್ತಾರೆ, ಮತ್ತೆ ಮತ್ತೆ ಗರ್ಭ ಕಳೆದುಕೊಂಡ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಇದು ಕಂಡುಬರುತ್ತದೆ. ನಮ್ಮಲ್ಲಿ ಅದು ಇರಲಿಲ್ಲ, ಇಬ್ಬರದೂ 46, ಜೋಡಣೆಯೂ ಸರಿಯಾಗಿದೆ. ಮತ್ತೆ ಪ್ರಯತ್ನಿಸಬಹುದು ಎಂದು ವೈದ್ಯೆ ಹೇಳಿದ್ದಾರೆ, ನಾವಿನ್ನೂ ನಿರ್ಧರಿಸಿಲ್ಲ. ಕುಬಸಕ್ಕೆಂದು ಅವ್ವ ತಂದಿಟ್ಟಿದ್ದ ಗುಳೇದಗುಡ್ಡದ ಹಸಿರು ಖಣ ಇಳಕಲ್ಲಿನ ಪೆಟ್ಟಿಗೆಯಲ್ಲಿಯೇ ಇದೆ. ಮುಂದಿನ ತಿಂಗಳ ರಜೆಯಲ್ಲಿ ತವರಿಗೆ ಹೋಗುವವಳಿದ್ದೇನೆ, ಅದೇ ಬಸ್ಸಿನಲ್ಲಿ.